ಹನ್ನೆರಡು ಮಕ್ಕಳೊಂದಿಗೆ ನಾರಾದಲ್ಲಿ ಒಂದು ಶನಿವಾರ: ಜಪಾನಿನಲ್ಲಿರುವ ಶಿಕ್ಷಕರಿಗೊಂದು ಮಾರ್ಗದರ್ಶಿ

ಓಸಾಕಾದಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುತ್ತಿರುವ ನಾನು ಮಕ್ಕಳನ್ನು ಮೊದಲ ಬಾರಿ ನಾರಾಕ್ಕೆ ಕರೆದುಕೊಂಡು ಹೋದಾಗ ಒಂದೇ ದಿನದಲ್ಲಿ ಐದು ಸ್ಥಳಗಳನ್ನು ತೋರಿಸುವ ಪಟ್ಟಿ ಹಾಕಿಕೊಂಡಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮಕ್ಕಳು ಕಾಲೆಳೆಯುತ್ತಿದ್ದರು. ಮರುವಾರ ತರಗತಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಜಿಂಕೆ ಮತ್ತು ಐಸ್‌ಕ್ರೀಮ್ ಎಂಬ ಎರಡೇ ಉತ್ತರಗಳು ಬಂದವು. ಆಮೇಲಿನ ಪ್ರವಾಸಗಳಲ್ಲಿ ನೋಡುವ ಜಾಗಗಳನ್ನು ಕಡಿಮೆ ಮಾಡುತ್ತ ಬಂದು ಈಗ ತೋದಾಯ್‌ಜಿ ದೇವಾಲಯ ಮತ್ತು ಅದರ ಹಿಂದಿನ ಗುಡ್ಡದ ಮೇಲಿರುವ ನಿಗತ್ಸುದೋ ಎಂಬ ಬೌದ್ಧ ಭವನ, ಇವೆರಡಕ್ಕೇ ನಿಲ್ಲಿಸಿದ್ದೇನೆ. ಒಂಬತ್ತರಿಂದ ಹದಿಮೂರು ವರ್ಷದೊಳಗಿನ ಹನ್ನೆರಡು ಮಕ್ಕಳು, ನನ್ನನ್ನೂ ಸೇರಿಸಿ ಮೂವರು ಹಿರಿಯರು ಎಂಬ ಲೆಕ್ಕದಲ್ಲಿ ಈ ಲೇಖನವನ್ನು ಬರೆದಿದ್ದೇನೆ. ಕ್ಯೋಟೋದಿಂದಲೋ ಕೋಬೆಯಿಂದಲೋ ಹೊರಡುವವರು ರೈಲಿನ ಭಾಗವನ್ನು ತಮಗೆ ತಕ್ಕಂತೆ ಬದಲಿಸಿಕೊಂಡರೆ ಸಾಕು.

ದಿನವನ್ನು ಆರಿಸುವುದು

ನಾರಾಕ್ಕೆ ಹೋಗಲು ಎಲ್ಲ ತಿಂಗಳುಗಳೂ ಒಂದೇ ಅಲ್ಲ, ಮತ್ತು ಇಲ್ಲಿ ಹವಾಮಾನದಷ್ಟೇ ಜಿಂಕೆಗಳನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಮೇ ತಿಂಗಳಿಂದ ಜುಲೈವರೆಗೆ ಮರಿ ಹಾಕುವ ಕಾಲವಾದ್ದರಿಂದ ತಾಯಿ ಜಿಂಕೆಗಳು ಮರಿಯ ಹತ್ತಿರ ಬಂದವರ ಮೇಲೆ ಎಗರುತ್ತವೆ. ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಬೆದೆಯ ಕಾಲವಾದ್ದರಿಂದ ಗಂಡು ಜಿಂಕೆಗಳ ಸಿಡುಕು ಹೆಚ್ಚಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸರಣಿ ರಜೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನ್ ಮೊದಲ ಭಾಗದಿಂದ ಜುಲೈ ನಡುವಿನವರೆಗೆ ಮಳೆಗಾಲ, ಅದರ ಬೆನ್ನಿಗೇ ಬೆವರಿಳಿಸುವ ಸೆಕೆ. ಇಷ್ಟನ್ನು ಕಳೆದರೆ ಉಳಿಯುವುದು ಏಪ್ರಿಲ್ ನಡುಭಾಗ, ಡಿಸೆಂಬರ್ ಮೊದಲ ವಾರಗಳು ಮತ್ತು ಫೆಬ್ರುವರಿ. ಚಳಿಗೆ ಹೆದರುವ ಪೋಷಕರು ಒಪ್ಪುವುದು ಕಷ್ಟವಾದರೂ ನನ್ನ ಮೆಚ್ಚಿನ ತಿಂಗಳು ಫೆಬ್ರುವರಿಯೇ. ಜನ ಕಡಿಮೆ, ಗಾಳಿ ತಿಳಿ, ಮಕ್ಕಳಿಗೂ ದಣಿವಾಗದು.

ಜಪಾನಿನ ಶಾಲೆಗಳಿಂದ ಕಲಿಯಬೇಕಾದ ಎರಡು ಪದ

ಇಲ್ಲಿನ ಶಾಲೆಗಳು ಮಕ್ಕಳನ್ನು ಹೊರಗೆ ಕರೆದೊಯ್ಯುವುದರಲ್ಲಿ ಪಳಗಿದವು. ಅವರಲ್ಲಿ ಶಿತಾಮಿ ಎಂಬ ಪದ್ಧತಿಯಿದೆ. ಪ್ರವಾಸಕ್ಕೆ ಮೊದಲೇ ಶಿಕ್ಷಕರು ಅದೇ ದಾರಿಯಲ್ಲಿ ಹೋಗಿ ನೋಡಿ ಬರುವುದಕ್ಕೆ ಈ ಹೆಸರು. ಇದನ್ನು ತಪ್ಪಿಸಬೇಡಿ, ಅದರಲ್ಲೂ ನೀವು ಆ ಜಾಗಕ್ಕೆ ಎರಡು ಸಲ ಹೋಗಿ ಬಂದಿದ್ದರೂ ತಪ್ಪಿಸಬೇಡಿ, ಏಕೆಂದರೆ ನಿಮಗಾಗಿ ಹೋಗುವಾಗ ಕಣ್ಣಿಗೆ ಬೀಳದ ಸಂಗತಿಗಳನ್ನೇ ಈ ಬಾರಿ ನೋಡಬೇಕಾಗಿರುತ್ತದೆ: ಶೌಚಾಲಯಗಳು ಎಲ್ಲಿವೆ, ಹದಿನೈದು ಜನ ದಾರಿಗೆ ಅಡ್ಡವಾಗದೆ ಗುಂಪಾಗಿ ನಿಲ್ಲಲು ಎಲ್ಲಿ ಜಾಗವಿದೆ, ಮಳೆ ಬಂದರೆ ಯಾವ ಸೂರಿನಡಿ ಸೇರಬಹುದು, ಜಿಂಕೆಗಳು ಬಾರದ ಕಡೆ ಕುಳಿತು ಒಂದು ಬಿಸ್ಕತ್ತು ತಿನ್ನಲಾದೀತೆ. ಕೈಯಲ್ಲಿ ಗಡಿಯಾರ ಹಿಡಿದು ನಡೆಯಿರಿ. ನಿಮಗೆ ಇಪ್ಪತ್ತು ನಿಮಿಷ ಹಿಡಿದ ದಾರಿಗೆ ಮಕ್ಕಳೊಂದಿಗೆ ನಲವತ್ತು ನಿಮಿಷವೆಂದು ಬರೆದುಕೊಳ್ಳಿ. ಜಿಂಕೆಗಳಿರುವ ಊರಿನಲ್ಲಿ ಇದು ಉತ್ಪ್ರೇಕ್ಷೆಯಲ್ಲ.

ಎರಡನೆಯ ಪದ ಶಿಯೋರಿ. ಪ್ರವಾಸಕ್ಕೆಂದು ಪ್ರತಿ ಮಗುವಿಗೂ ಕೊಡುವ ಪುಟ್ಟ ಕೈಪಿಡಿಯಿದು. ನಾನು ಎ4 ಹಾಳೆಗಳೆರಡನ್ನು ಮಡಚಿ ಎಂಟು ಪುಟ ಮಾಡುತ್ತೇನೆ. ಅದರಲ್ಲಿ ಸಮಯಪಟ್ಟಿ, ಕೈಯಿಂದ ಬರೆದ ನಕ್ಷೆ, ತರಬೇಕಾದ ವಸ್ತುಗಳು, ನೋಡಿ ಉತ್ತರಿಸಬೇಕಾದ ಪ್ರಶ್ನೆಗಳು ಮತ್ತು ಚಿತ್ರ ಬಿಡಿಸಲು ಒಂದು ಖಾಲಿ ಪುಟ ಇರುತ್ತವೆ. ಕನ್ನಡ ಓದಲು ಗೊಣಗುವ ಮಕ್ಕಳೂ ತಾವು ಹೊರಡುವ ರೈಲಿನ ಸಮಯವನ್ನು ಕನ್ನಡದಲ್ಲಿ ತಪ್ಪಿಲ್ಲದೆ ಓದುತ್ತಾರೆ.

ಕಾಗದಪತ್ರ

ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆಯ ಜೊತೆಗೆ ಮಗುವಿನ ಅಲರ್ಜಿ, ತೆಗೆದುಕೊಳ್ಳುವ ಔಷಧ, ಆ ದಿನ ತಪ್ಪದೆ ಕರೆ ಸ್ವೀಕರಿಸುವ ಇಬ್ಬರ ದೂರವಾಣಿ ಸಂಖ್ಯೆ ಮತ್ತು ಆರೋಗ್ಯ ವಿಮೆಯ ವಿವರ ಬೇಕು. ಚಿತ್ರ ತೆಗೆಯಲು ಒಪ್ಪಿಗೆಯನ್ನು ಬೇರೆಯಾಗಿ ಕೇಳಿ. ಕೆಲವರು ಪ್ರವಾಸಕ್ಕೆ ಒಪ್ಪಿ ಚಿತ್ರಗಳನ್ನು ಹಂಚಿಕೊಳ್ಳಲು ಒಪ್ಪುವುದಿಲ್ಲ, ಅದು ಅವರ ಹಕ್ಕು. ಜೊತೆಗೆ ಬರುವ ಹಿರಿಯರು ತಮ್ಮ ನಿವಾಸ ಕಾರ್ಡನ್ನು ಇಟ್ಟುಕೊಂಡಿರಲಿ. ಹದಿನಾರು ತುಂಬಿದ ವಿದೇಶೀಯರು ಅದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ಇಲ್ಲಿನ ಕಾನೂನು. ಅದಕ್ಕಿಂತ ಚಿಕ್ಕವರಿಗೆ ಈ ಕಟ್ಟುಪಾಡಿಲ್ಲ.

ಪ್ರತಿ ಮಗುವಿಗೂ ಒಂದು ಚೀಟಿ ಮಾಡಿ, ಅದರಲ್ಲಿ ಮಗುವಿನ ಹೆಸರನ್ನೂ ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಜಪಾನಿ ಲಿಪಿಯಲ್ಲಿ ಬರೆಯಿಸಿ, ಕೊರಳಿಗೆ ಹಾಕಿ ಅಂಗಿಯ ಒಳಗೆ ಬಿಡಲು ಹೇಳಿ. ಒಳಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡನೆಯ ವರ್ಷ ನಾನು ಎಲ್ಲ ಪೋಷಕರ ಸಂಖ್ಯೆಗಳಿದ್ದ ಹಾಳೆಯನ್ನು ಕೈಯಲ್ಲಿ ಹಿಡಿದು ಮಕ್ಕಳನ್ನು ಎಣಿಸುತ್ತಿದ್ದಾಗ ಹಿಂದಿನಿಂದ ಬಂದ ಒಂದು ಜಿಂಕೆ ಅದನ್ನು ಎಳೆದುಕೊಂಡು, ನಾನು ತಿರುಗುವಷ್ಟರಲ್ಲಿ ಅರ್ಧ ಜಗಿದಿತ್ತು. ಒಂಬತ್ತು ಹೆಸರುಗಳು ಉಳಿದವು, ಮೂರು ಜಿಂಕೆಯ ಪಾಲಾದವು. ಅಂದಿನಿಂದ ಪಟ್ಟಿಯ ಒಂದೊಂದು ಪ್ರತಿ ಮೂವರು ಹಿರಿಯರ ಚೀಲಗಳಲ್ಲೂ ಇರುತ್ತದೆ, ಮೊಬೈಲಿನಲ್ಲಿ ಅದರ ಚಿತ್ರವೂ ಇರುತ್ತದೆ.

ತುರ್ತು ಕರೆಗೆ ಜಪಾನಿನಲ್ಲಿ ಪೊಲೀಸರ ಸಂಖ್ಯೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳದ ಸಂಖ್ಯೆ 119. ಮಕ್ಕಳಿಗೆ ಇವೆರಡನ್ನೂ ಬಾಯಿಪಾಠ ಮಾಡಿಸಿ.

ರೈಲು

ಓಸಾಕಾ ನಂಬಾದಿಂದ ಕಿಂತೆತ್ಸು ರೈಲು ಹಿಡಿಯುವುದು ಒಳ್ಳೆಯದು. ಜೆಆರ್ ರೈಲಿನಲ್ಲೂ ಹೋಗಬಹುದು, ಆದರೆ ಜೆಆರ್ ನಾರಾ ನಿಲ್ದಾಣದಿಂದ ಜಿಂಕೆಗಳಿರುವ ನಾರಾ ಉದ್ಯಾನದವರೆಗೆ ಊರಿನೊಳಗೆ ಇನ್ನಷ್ಟು ನಡೆಯಬೇಕು. ಕಿಂತೆತ್ಸು ನಾರಾ ನೆಲದಡಿಯ ನಿಲ್ದಾಣದಿಂದ ಮೇಲೆ ಬಂದರೆ ಕೆಲವೇ ನಿಮಿಷಗಳಲ್ಲಿ ಮೊದಲ ಜಿಂಕೆ ಎದುರಾಗುತ್ತದೆ. ವಿಶೇಷ ವೇಗದ ರೈಲಿಗೆ ಹೆಚ್ಚುವರಿ ಟಿಕೆಟ್ ಬೇಕು. ಅದು ಬೇಡ, ಸುಮಾರು ನಲವತ್ತು ನಿಮಿಷಗಳಲ್ಲಿ ತಲುಪಿಸುವ ಕೈಸೊಕು ಕ್ಯೂಕೋ ರೈಲಿಗೆ ಮಾಮೂಲಿ ದರವೇ ಸಾಕು.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅರ್ಧ ದರ. ಹನ್ನೆರಡು ತುಂಬಿದ್ದರೂ ಆರನೆಯ ತರಗತಿಯನ್ನು ಇನ್ನೂ ಮುಗಿಸದ ಮಗುವಿಗೆ ಅರ್ಧ ದರವೇ ಅನ್ವಯಿಸುತ್ತದೆ; ಮಾಧ್ಯಮಿಕ ಶಾಲೆಗೆ ಸೇರಿದ ಮೇಲೆ ಪೂರ್ಣ ದರ. ರೈಲಿನ ದರ ತೆರಲು ಬಳಸುವ ಇಕೋಕಾ ಕಾರ್ಡ್ ಮಕ್ಕಳಿಗೆ ಬೇಕಿದ್ದರೆ ವಯಸ್ಸಿನ ದಾಖಲೆ ತೋರಿಸಿ ಮಗುವಿನ ಹೆಸರಿನಲ್ಲೇ ಪಡೆಯಬೇಕಾದ್ದರಿಂದ ಆ ಕೆಲಸವನ್ನು ಹೊರಡುವ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಕಾರ್ಡಿನಲ್ಲಿ ಹೋಗಿಬರುವಷ್ಟು ಹಣವಿದೆಯೇ ಎಂದು ಹಿಂದಿನ ದಿನವೇ ಪೋಷಕರನ್ನು ಕೇಳಿ, ಇಲ್ಲವಾದರೆ ನಾರಾದ ಗೇಟಿನಲ್ಲಿ ಒಂದು ಮಗು ಸಿಕ್ಕಿಕೊಂಡು ಹದಿನಾಲ್ಕು ಜನ ಆಚೆ ಕಾಯುವಂತಾಗುತ್ತದೆ.

ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಂದು ನಿಯಮವನ್ನು ಮಕ್ಕಳ ಬಾಯಿಂದಲೇ ಹೇಳಿಸಿ. ನಾವು ಇಳಿದು ನೀನೊಬ್ಬನೇ ರೈಲಿನಲ್ಲಿ ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಇಳಿದ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲು. ನಾವು ಹತ್ತಿ ನೀನೊಬ್ಬನೇ ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಎಲ್ಲಿಗೂ ಹೋಗದೆ ಅಲ್ಲೇ ನಿಲ್ಲು. ಎರಡೂ ಸಂದರ್ಭಗಳಲ್ಲಿ ಹುಡುಕಿಕೊಂಡು ಬರುವವರು ಹಿರಿಯರೇ ಆಗಿರಬೇಕು, ಮಗುವಲ್ಲ. ಕೈಸೊಕು ಕ್ಯೂಕೋ ರೈಲು ತ್ಸುರುಹಾಶಿ ಬಿಟ್ಟರೆ ಇಕೋಮಾವರೆಗೆ ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಮುಂದಿನ ನಿಲ್ದಾಣವೆಂಬುದು ಬಹಳ ದೂರವಿರಬಹುದು. ಅದನ್ನೂ ಅವರಿಗೆ ಹೇಳಿ, ಗಾಬರಿಯಾಗದಿರಲಿ.

ಎಣಿಕೆಗೆ ನಾನು ಹೆಸರು ಕರೆಯುವುದಿಲ್ಲ. ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಟ್ಟಿರುತ್ತೇನೆ. ಎಣಿಕೆ ಎಂದ ಕೂಡಲೇ ಒಂದರಿಂದ ಹನ್ನೆರಡರವರೆಗೆ ಕನ್ನಡದಲ್ಲಿ ಒಬ್ಬೊಬ್ಬರಾಗಿ ಕೂಗಬೇಕು. ಹತ್ತು ಸೆಕೆಂಡಿನ ಕೆಲಸ. ರೈಲಿನೊಳಗೆ ಮಾತ್ರ ಕೂಗಾಟವಿಲ್ಲ, ಅಲ್ಲಿ ಬೆರಳು ತೋರಿಸಿದರೆ ಸಾಕು, ಏಕೆಂದರೆ ಇಲ್ಲಿನ ರೈಲುಗಳ ಮೌನ ನಿಮಗೆ ಗೊತ್ತೇ ಇದೆ. ಬೆನ್ನಚೀಲಗಳನ್ನು ಎದೆಯ ಮೇಲೆ ಹಾಕಿಸಿ.

ಇಕೋಮಾ ಬೆಟ್ಟ ಏರುವಾಗ ಎಡಗಡೆಯ ಕಿಟಕಿಯಲ್ಲಿ ಓಸಾಕಾದ ಬಯಲು ಕಾಣುತ್ತದೆ, ಆಮೇಲೆ ಸುರಂಗ. ಯಮಾತೊ ಸಾಯ್‌ದಾಯ್‌ಜಿ ದಾಟಿದ ಮೇಲೆ ಎಲ್ಲರನ್ನೂ ಎಚ್ಚರಿಸಿ. ರೈಲು ಹಳೆಯ ಹೇಜೋ ಅರಮನೆಯ ಅಂಗಳದ ನಡುವೆಯೇ ಹಾದುಹೋಗುತ್ತದೆ. ಬಲಗಡೆ 1998ರಲ್ಲಿ ಮತ್ತೆ ಕಟ್ಟಿದ ಸುಜಾಕು ಹೆಬ್ಬಾಗಿಲು, ಎಡಗಡೆ 2010ರಲ್ಲಿ ಮತ್ತೆ ಕಟ್ಟಿದ ಸಭಾಭವನ. 710ರಿಂದ 784ರವರೆಗೆ, ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ, ಜಪಾನಿನ ರಾಜಧಾನಿ ಇಲ್ಲಿಯೇ ಇತ್ತೆಂದು ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಜಿಂಕೆಗಳು

ನಿಲ್ದಾಣದಲ್ಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಉದ್ಯಾನಕ್ಕೆ ಕಾಲಿಡುವ ಮೊದಲು ಜಿಂಕೆಯ ಪಾಠ ಮುಗಿಯಬೇಕು. ಉದ್ಯಾನದಲ್ಲಿರುವ ಸಾವಿರಕ್ಕೂ ಹೆಚ್ಚು ಜಿಂಕೆಗಳು ಸಾಕಿದವಲ್ಲ. ಕಾಡುಪ್ರಾಣಿಗಳೇ, ಮನುಷ್ಯರಿಗೆ ಒಗ್ಗಿಕೊಂಡವು ಅಷ್ಟೆ. ಕಾಸುಗಾ ದೇಗುಲದ ದೇವತೆ ಬಿಳಿ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿಂದ ಇವುಗಳಿಗೆ ದೇವರ ದೂತರ ಸ್ಥಾನವಿದೆ. 1957ರಿಂದ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂಬ ರಕ್ಷಣೆಯೂ ಇದೆ.

ಅವುಗಳಿಗೆ ಕೊಡಬಹುದಾದ ತಿಂಡಿ ಒಂದೇ, ಅಲ್ಲೇ ಮಾರುವ ಶಿಕಾ ಸೆನ್‌ಬೇ ಎಂಬ ತವುಡಿನ ಬಿಲ್ಲೆ. ಮಗು ಅದನ್ನು ತಲೆಯ ಮೇಲೆತ್ತಿ ಆಟವಾಡಿಸಿತೆಂದರೆ ಜಿಂಕೆ ಅಂಗಿಯನ್ನೋ ಸೊಂಟವನ್ನೋ ಕಚ್ಚುವುದು ಖಂಡಿತ. ಜಿಂಕೆ ತಲೆಬಾಗಿಸಿದ ಕೂಡಲೇ ಕೊಟ್ಟುಬಿಡಬೇಕು. ಮುಗಿದ ಮೇಲೆ ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಬೇಕು. ಖಾಲಿ ಅಂಗೈಯ ಅರ್ಥ ಅವುಗಳಿಗೆ ಗೊತ್ತು, ನೋಡಿ ಹೊರಟುಹೋಗುತ್ತವೆ. ಎಲ್ಲ ಮಕ್ಕಳಿಗೂ ಒಟ್ಟಿಗೆ ಬಿಲ್ಲೆ ಕೊಳ್ಳಬೇಡಿ. ಇಬ್ಬಿಬ್ಬರಂತೆ ಕೊಟ್ಟು, ಪಕ್ಕದಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಿ. ಬೆಳಗ್ಗೆಯಾದರೆ ಜಿಂಕೆಗಳು ಹಸಿದಿರುತ್ತವೆ, ನುಗ್ಗುತ್ತವೆ; ಹೀಗಾಗಿ ಚಿಕ್ಕವರಿರುವ ಗುಂಪಿಗೆ ಬಿಲ್ಲೆಯ ಕಾರ್ಯಕ್ರಮವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಲೇಸು.

ಪ್ಲಾಸ್ಟಿಕ್ ಚೀಲ ಹೊರಗೆ ಕಾಣಲೇಬಾರದು. 2019ರಲ್ಲಿ ಸತ್ತ ಒಂದು ಜಿಂಕೆಯ ಹೊಟ್ಟೆಯಲ್ಲಿ 4.3 ಕಿಲೊ ಪ್ಲಾಸ್ಟಿಕ್ ಸಿಕ್ಕಿತ್ತು. ಈ ಒಂದು ಸಂಗತಿ ಹೇಳಿದರೆ ಸಾಕು, ಮಕ್ಕಳೇ ಒಬ್ಬರನ್ನೊಬ್ಬರು ಕಾಯುತ್ತಾರೆ. ಕಸದ ಬುಟ್ಟಿಗಳು ಸಿಗುವುದು ಅಪರೂಪವಾದ್ದರಿಂದ ಹುಟ್ಟಿದ ಕಸ ಮನೆಯವರೆಗೂ ಚೀಲದಲ್ಲೇ ಬರಬೇಕು.

ಹೆಬ್ಬಾಗಿಲಿನಲ್ಲಿ ಹದಿನೈದು ನಿಮಿಷ

ತೋದಾಯ್‌ಜಿಯ ದಕ್ಷಿಣದ ಹೆಬ್ಬಾಗಿಲಾದ ನಂದಾಯ್‌ಮೊನ್ ಅನ್ನು ಹೆಚ್ಚಿನವರು ನಡೆಯುತ್ತಲೇ ದಾಟಿಬಿಡುತ್ತಾರೆ. ನೀವು ಅಲ್ಲಿ ಬದಿಗೆ ಸರಿದು ಮಕ್ಕಳನ್ನು ನಿಲ್ಲಿಸಿ. ಎರಡು ಕಡೆ ಎದುರುಬದುರಾಗಿ ನಿಂತಿರುವ ದ್ವಾರಪಾಲಕರು ಸುಮಾರು 8.4 ಮೀಟರ್ ಎತ್ತರದ ಮರದ ಮೂರ್ತಿಗಳು. 1203ರಲ್ಲಿ ಉನ್‌ಕೇ, ಕಾಯ್‌ಕೇ ಮತ್ತು ಅವರ ಶಿಲ್ಪಿಗಳ ತಂಡ ಇವುಗಳನ್ನು 69 ದಿನಗಳಲ್ಲಿ ಮುಗಿಸಿತು. ಪ್ರತಿಯೊಂದೂ ಸಾವಿರಾರು ಮರದ ತುಂಡುಗಳ ಜೋಡಣೆ. ಇಬ್ಬರ ಬಾಯಿಯಲ್ಲಿ ವ್ಯತ್ಯಾಸವೇನು ಎಂಬುದು ನನ್ನ ಕೈಪಿಡಿಯ ಮೊದಲ ಪ್ರಶ್ನೆ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದವನು ಆಗ್ಯೋ, ಮುಚ್ಚಿದವನು ಉನ್‌ಗ್ಯೋ. ಸಂಸ್ಕೃತದ ವರ್ಣಮಾಲೆಯ ಮೊದಲ ಧ್ವನಿಯಾದ ಅಕಾರ ಒಬ್ಬನದು, ತುಟಿ ಮುಚ್ಚಿ ಮುಗಿಯುವ ಹೂಂಕಾರ ಇನ್ನೊಬ್ಬನದು. ಕನ್ನಡದ ಅಕ್ಷರಮಾಲೆಯನ್ನು ಇನ್ನೂ ತಿದ್ದುತ್ತಿರುವ ಮಕ್ಕಳಿಗೆ ಆ ತೆರೆದ ಬಾಯಿ ತೋರಿಸಿ ಇದು ಯಾವ ಅಕ್ಷರ ಎಂದು ಕೇಳಿ ನೋಡಿ. ಹೆಬ್ಬಾಗಿಲಿನ ಕೆಳಗೆ ಎಲ್ಲರೂ ಒಟ್ಟಾಗಿ ಅ ಎಂದು ಬಾಯಿ ತೆರೆದದ್ದನ್ನು ಕಂಡು ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನಕ್ಕು ತಾವೂ ಬಾಯಿ ತೆರೆದರು.

ಮಹಾಬುದ್ಧನ ಭವನ

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಭವನ ಬೆಳಿಗ್ಗೆ 7:30ಕ್ಕೆ, ಉಳಿದ ತಿಂಗಳುಗಳಲ್ಲಿ 8:00ಕ್ಕೆ ತೆರೆಯುತ್ತದೆ. ಒಂಬತ್ತಕ್ಕೆ ಮೊದಲೇ ಒಳಗಿದ್ದರೆ ಪ್ರವಾಸಿ ಬಸ್ಸುಗಳು ಬರುವ ಹೊತ್ತಿಗೆ ನಿಮ್ಮ ಕೆಲಸ ಅರ್ಧ ಆಗಿರುತ್ತದೆ. ಟಿಕೆಟ್ಟನ್ನು ಹಿರಿಯರಲ್ಲಿ ಒಬ್ಬರೇ ಹೋಗಿ ಒಟ್ಟಿಗೆ ಕೊಂಡು ತರಲಿ.

ಒಳಗೆ ಹೋಗುವ ಮೊದಲು ಅಂಗಳದ ನಡುವಿನ ಎಂಟು ಮೂಲೆಯ ಕಂಚಿನ ದೀಪಸ್ತಂಭದ ಹತ್ತಿರ ನಿಲ್ಲಿ. ಯುದ್ಧದ ಬೆಂಕಿಗೆ 1180ರಲ್ಲೊಮ್ಮೆ, 1567ರಲ್ಲಿ ಮತ್ತೊಮ್ಮೆ ಭವನ ಸುಟ್ಟುಹೋದರೂ ಈ ದೀಪ 8ನೆಯ ಶತಮಾನದಿಂದ ಇಲ್ಲೇ ಇದೆ. ಅದರ ಜಾಲರಿಯ ಮೇಲೆ ವಾದ್ಯ ನುಡಿಸುವ ಬೋಧಿಸತ್ವರಿದ್ದಾರೆ. ಕೊಳಲೂದುವವನನ್ನು ಹುಡುಕಲು ಹೇಳಿ.

ಈಗಿನ ಭವನ 1709ರದು. ಸುಮಾರು 57 ಮೀಟರ್ ಅಗಲವಿರುವ ಇದು ಮೊದಲಿನ ಭವನಕ್ಕಿಂತ ಬಹಳ ಕಿರಿದು ಎಂದರೆ ಮಕ್ಕಳು ನಂಬುವುದಿಲ್ಲ. ಒಳಗಿನ ವೈರೋಚನ ಬುದ್ಧನ ಎತ್ತರ ಸುಮಾರು 15 ಮೀಟರ್. ಸಿಡುಬು ನಾಡನ್ನು ಹಿಂಡಿದ ಕೆಲವು ವರ್ಷಗಳ ಬಳಿಕ, 743ರಲ್ಲಿ, ಶೋಮು ಚಕ್ರವರ್ತಿ ಈ ಮೂರ್ತಿಯನ್ನು ಮಾಡಿಸಲು ಆಜ್ಞೆ ಹೊರಡಿಸಿದನು. 752ರಲ್ಲಿ ಅದರ ಕಣ್ಣು ಬರೆಯುವ ವಿಧಿ ನಡೆಯಿತು. ಕುಂಚ ಹಿಡಿದು ಕಣ್ಣು ಬರೆದವನು ಬೋಧಿಸೇನ ಎಂಬ ಭಾರತೀಯ ಭಿಕ್ಷು. ಚೀನಾದ ಮೂಲಕ 736ರಲ್ಲಿ ಜಪಾನಿಗೆ ಬಂದು, ಮತ್ತೆ ತಾಯ್ನಾಡಿಗೆ ಮರಳದೆ 760ರಲ್ಲಿ ಇಲ್ಲೇ ತೀರಿಕೊಂಡವನು. ಕುಂಚಕ್ಕೆ ಕಟ್ಟಿದ್ದ ಉದ್ದನೆಯ ದಾರವನ್ನು ನೆರೆದವರು ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲು ಪಡೆದರು. ಆ ಕುಂಚವೂ ದಾರವೂ ದೇವಾಲಯದ ಹಿಂದಿನ ಶೋಸೋಯಿನ್ ಭಂಡಾರದ ಸಂಗ್ರಹದಲ್ಲಿ ಇಂದಿಗೂ ಉಳಿದಿವೆ.

ಈ ಕಥೆಯನ್ನು ಒಂದು ವಾರ ಮೊದಲೇ ತರಗತಿಯಲ್ಲಿ ಹೇಳಿಡಿ. ಭವನದೊಳಗೆ ನಿಂತು ಉಪನ್ಯಾಸ ಮಾಡಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಬೇರೆಯವರಿಗೂ ತೊಂದರೆ. ಅಲ್ಲಿ ಏನಿದ್ದರೂ ಹುಡುಕುವ ಕೆಲಸ. ಬುದ್ಧನ ಹಿಂದಿನ ಮೂಲೆಗಳಲ್ಲಿ ಇಬ್ಬರು ದಿಕ್ಪಾಲಕರಿದ್ದಾರೆ. ಅವರಲ್ಲಿ ಕುಂಚವನ್ನೂ ಸುರುಳಿಯನ್ನೂ ಹಿಡಿದವನು ಕೋಮೊಕುತೆನ್, ಅಂದರೆ ವಿರೂಪಾಕ್ಷ. ಈತ ಶಿವನಲ್ಲ, ಬೌದ್ಧರ ಪಶ್ಚಿಮ ದಿಕ್ಕಿನ ಒಡೆಯ. ಆದರೂ ರಜೆಯಲ್ಲಿ ಹಂಪಿಗೆ ಹೋಗಿ ಬಂದ ಮಗುವಿಗೆ ಆ ಹೆಸರು ಕೇಳಿದಾಗ ಕಣ್ಣು ಅರಳುತ್ತದೆ. ಪಟ್ಟದಕಲ್ಲಿನಲ್ಲಿ ಚಾಲುಕ್ಯರ ವಿರೂಪಾಕ್ಷ ದೇವಾಲಯ ಎದ್ದು ನಿಂತದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ, 740ರ ಸುಮಾರಿಗೆ, ಎಂದು ದೊಡ್ಡ ಮಕ್ಕಳಿಗೆ ಹೇಳಬಹುದು.

ಒಂದು ಕಂಬದ ಬುಡದಲ್ಲಿ ಬುದ್ಧನ ಮೂಗಿನ ಹೊಳ್ಳೆಯಷ್ಟೇ ಎಂದು ಹೇಳಲಾಗುವ ಕಿಂಡಿಯಿದೆ. ಅದರೊಳಗೆ ತೂರಿ ಬಂದವರಿಗೆ ಒಳಿತಾಗುತ್ತದೆಂಬ ನಂಬಿಕೆ. ತೂರಲು ಬಿಡುತ್ತಿದ್ದರೆ, ಮೊದಲು ಕೈಗಳನ್ನು ಮುಂದೆ ಚಾಚಿ ಓರೆಯಾಗಿ ನುಗ್ಗಲು ಹೇಳಿ, ಆಚೆ ಕಡೆ ಒಬ್ಬ ಹಿರಿಯರು ಕುಳಿತಿರಲಿ. ಹಿರಿಯರು ತಾವೇ ಪ್ರಯತ್ನಿಸದಿರುವುದು ಎಲ್ಲರಿಗೂ ಕ್ಷೇಮ. ಹೊರಬರುವಾಗ ಬಾಗಿಲ ಬಳಿ ಕೆಂಪು ಬಟ್ಟೆ ಹೊದ್ದು ಕುಳಿತ ಮರದ ಮೂರ್ತಿ ಬಿನ್‌ಜುರು, ಬುದ್ಧನ ಶಿಷ್ಯನಾದ ನಮ್ಮ ಪಿಂಡೋಲ ಭಾರದ್ವಾಜ. ನೋವಿರುವ ಅಂಗವನ್ನು ಅವನ ಮೈಯಲ್ಲಿ ಮುಟ್ಟಿ, ಆಮೇಲೆ ತನ್ನದನ್ನು ಮುಟ್ಟಿಕೊಂಡರೆ ವಾಸಿಯಾಗುತ್ತದೆಂದು ಜನ ನಂಬುತ್ತಾರೆ.

ಏರು ದಾರಿ, ಊಟ

ಭವನದ ಹಿಂದಿನಿಂದ ಕಲ್ಲುಹಾಸಿನ ದಾರಿಯಲ್ಲಿ ನಿಧಾನವಾಗಿ ಹತ್ತಿದರೆ ನಿಗತ್ಸುದೋ ಸಿಗುತ್ತದೆ. ಅದರ ಜಗಲಿಗೆ ಶುಲ್ಕವಿಲ್ಲ. ಅಲ್ಲಿಂದ ಮಹಾಬುದ್ಧನ ಭವನದ ಸೂರೂ ನಾರಾ ಊರೂ ಕೆಳಗೆ ಹರಡಿಕೊಂಡಿರುತ್ತವೆ. ಮಾರ್ಚ್ 1ರಿಂದ 14ರವರೆಗೆ ಇಲ್ಲಿ ದೊಡ್ಡ ಪಂಜುಗಳ ಉತ್ಸವ ನಡೆಯುವುದರಿಂದ ಆ ಎರಡು ವಾರ ಮಕ್ಕಳ ಗುಂಪಿಗೆ ತಕ್ಕುದಲ್ಲ. ಚಿತ್ರ ಬಿಡಿಸಲು ಇಲ್ಲಿ ಅರ್ಧ ಗಂಟೆ ಕೊಡಿ. ಮಾತನಾಡಬೇಡಿ, ತಿದ್ದಬೇಡಿ.

ಊಟವನ್ನು ಉದ್ಯಾನದಲ್ಲಿ ಬಿಚ್ಚಿದರೆ ಜಿಂಕೆಗಳೊಂದಿಗೆ ಹಂಚಿಕೊಳ್ಳಬೇಕಾದೀತು. ನಾವು ಹನ್ನೆರಡೂವರೆಗೆ ಕೆಳಗಿಳಿದು ನಿಲ್ದಾಣದ ಪಕ್ಕದ ಹಿಗಾಶಿಮುಕಿ ಬೀದಿಯಲ್ಲಿ ಮೊದಲೇ ಕಾದಿರಿಸಿದ ಕಡೆ ತಿನ್ನುತ್ತೇವೆ. ಸಸ್ಯಾಹಾರಿ ಮಕ್ಕಳಿದ್ದರೆ ಒಂದು ಎಚ್ಚರಿಕೆ: ತರಕಾರಿ ಮಾತ್ರ ಕಾಣುವ ಊದೋನ್ (ದಪ್ಪ ನೂಡಲ್ಸ್) ಸಾರಿನಲ್ಲೂ ದಾಶಿ ಎಂಬ ಮೀನಿನ ರಸ ಇರುತ್ತದೆ. ಮಾಂಸ ಬೇಡ ಎಂದರೆ ಸಾಲದು, ದಾಶಿ ಬೇಡ ಎಂದೇ ಮುಂಚಿತವಾಗಿ ಕೇಳಬೇಕು. ಇದನ್ನು ಕಾಪಾಡಿಕೊಂಡು ಹೋಗಲೇಬೇಕಾದ ಮನೆಗಳ ಮಕ್ಕಳು ಡಬ್ಬಿ ತಂದರೆ ಅದನ್ನು ಬಿಚ್ಚುವ ಜಾಗವನ್ನು ಶಿತಾಮಿಯ ದಿನವೇ ಗೊತ್ತುಮಾಡಿಕೊಂಡಿರಿ.

ಮರಳುವುದು

ಕಿಂತೆತ್ಸು ನಾರಾದಲ್ಲಿ ಹೊರಡುವ ರೈಲುಗಳಲ್ಲಿ ಕೆಲವು ಕ್ಯೋಟೋ ಕಡೆಗೆ ತಿರುಗುತ್ತವೆ. ಓಸಾಕಾಗೆ ಹೋಗುವ ಎಷ್ಟೋ ರೈಲುಗಳ ಫಲಕದಲ್ಲಿ ಓಸಾಕಾ ಎಂದಿರದೆ ಕೋಬೆ ಸನ್ನೋಮಿಯಾ ಎಂದಿರುತ್ತದೆ. ಹೆಸರು ಗೊತ್ತಿಲ್ಲದೆ ಒಮ್ಮೆ ಸರಿಯಾದ ರೈಲನ್ನೇ ಬಿಟ್ಟು ತಪ್ಪು ರೈಲು ಹತ್ತಿ, ಸಾಯ್‌ದಾಯ್‌ಜಿಯಲ್ಲಿ ಹದಿನೈದೂ ಜನ ದಡಬಡನೆ ಇಳಿದಿದ್ದೇವೆ. ಮೂರು ಗಂಟೆಯ ಒಳಗೆ ರೈಲು ಹತ್ತಿ, ನಿದ್ದೆ ಮಾಡಿದವರನ್ನು ತ್ಸುರುಹಾಶಿಯಲ್ಲಿ ಎಬ್ಬಿಸಿ. ಓಸಾಕಾ ನಂಬಾದಲ್ಲಿ ರೈಲು ಮುಂದೆ ಕೋಬೆಗೆ ಹೊರಡುವುದರಿಂದ ಇಳಿಯಲು ಹೆಚ್ಚು ಹೊತ್ತಿರುವುದಿಲ್ಲ.

ಪೋಷಕರು ಟಿಕೆಟ್ ಗೇಟಿನ ಹೊರಗೆ, ನೀವು ಹೇಳಿದ ಒಂದೇ ಕಂಬದ ಬಳಿ ನಿಂತಿರಲಿ. ಕೊನೆಯ ಎಣಿಕೆ ಗೇಟಿನ ಒಳಗೇ ಆಗಲಿ. ಒಪ್ಪಿಸಿದ ಪ್ರತಿ ಮಗುವಿನ ಸಂಖ್ಯೆಗೂ ಪಟ್ಟಿಯಲ್ಲಿ ಗುರುತು ಹಾಕಿ, ಹನ್ನೆರಡನೆಯ ಗುರುತು ಬಿದ್ದ ಮೇಲೆ ಗುಂಪಿಗೆ ಒಂದು ಸಂದೇಶ ಕಳುಹಿಸಿ. ಶಿಯೋರಿಗಳನ್ನು ಅಲ್ಲೇ ವಾಪಸು ತೆಗೆದುಕೊಳ್ಳುವುದನ್ನು ಮರೆಯಬೇಡಿ, ಮನೆಗೆ ಹೋದವು ತಿರುಗಿ ಬರುವುದಿಲ್ಲ. ಮುಂದಿನ ವಾರದ ಪಾಠಕ್ಕೆ ಬೇಕಾದದ್ದೆಲ್ಲ ಅವುಗಳಲ್ಲಿರುತ್ತದೆ. ಕಳೆದ ಸಲ ಒಬ್ಬ ಹುಡುಗಿ ಚಿತ್ರದ ಪುಟದಲ್ಲಿ ಬುದ್ಧನನ್ನು ಬಿಡಿಸದೆ, ಒಂದು ಕುಂಚವನ್ನೂ ಅದರಿಂದ ಹೊರಟು ಪುಟದ ಅಂಚಿನವರೆಗೆ ಸಾಗಿದ ದಾರವನ್ನೂ, ಆ ದಾರ ಹಿಡಿದು ನಿಂತ ಹನ್ನೆರಡು ಜನರನ್ನೂ ಬಿಡಿಸಿ, ಒಬ್ಬೊಬ್ಬರ ತಲೆಯ ಮೇಲೂ ಅವರವರ ಎಣಿಕೆಯ ಸಂಖ್ಯೆ ಬರೆದಿದ್ದಳು.